ಬಾಗಿಲು ಎಳೆಯಬೇಡಿ, ಮೊದಲು ನೀರು ಇಳಿಸಿ

ಓದುಗರ ಪ್ರಶ್ನೆ, ಮನೆ ಮಷೀನುಗಳ ಬಗ್ಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ಗೋಳು. ಮುಂದೆ ಗಾಜಿನ ಬಾಗಿಲಿರುವ ವಾಷಿಂಗ್ ಮಷೀನ್, ಅಂದರೆ ಫ್ರಂಟ್ ಲೋಡ್, ಬಟ್ಟೆ ಒಳಗಿಟ್ಟುಕೊಂಡು ಬಾಗಿಲು ಬಿಡುತ್ತಿಲ್ಲ. ದಾವಣಗೆರೆಯಿಂದಲೂ ಬಂದಿದೆ, ಚಿತ್ರದುರ್ಗದಿಂದಲೂ ಬಂದಿದೆ. ಹಾಗಾಗಿ ಮಿಕ್ಸಿ, ಗ್ರೈಂಡರ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ಪೂರ್ತಿ ನೋಡೋಣ.

ಪ್ರಶ್ನೆ: ಸರ್, ನಾವಿರುವುದು ವಿದ್ಯಾನಗರದಲ್ಲಿ. ಹೋದ ತಿಂಗಳು ಬಟ್ಟೆ ಒಗೆಯುವಾಗ ನಡುವೆ ಕರೆಂಟ್ ಹೋಯಿತು. ಬಂದ ಮೇಲೆ ಮಷೀನ್ ಗುಂಯ್ ಅಂತ ಸದ್ದು ಮಾಡಿ ನಿಂತುಬಿಟ್ಟಿತು. ಗಾಜಿನಲ್ಲಿ ನೋಡಿದರೆ ಅರ್ಧ ನೀರು, ಮಕ್ಕಳ ಯೂನಿಫಾರಂ ಎಲ್ಲ ಅದರಲ್ಲೇ. ಮೆಕ್ಯಾನಿಕ್ ನಾಳಿದ್ದು ಬರುತ್ತೇನೆ ಅಂದರು. ನಮ್ಮ ಯಜಮಾನರು ಸ್ಕ್ರೂ ಡ್ರೈವರ್ ತೂರಿಸಿ ಮೀಟಿದರು. ಬಾಗಿಲೇನೋ ತೆರೆಯಿತು, ಆದರೆ ನೀರು ಅಡಿಗೆಮನೆ ತನಕ ಹರಿಯಿತು, ಬಾಗಿಲಿನ ಕೊಂಡಿಯೂ ಮುರಿಯಿತು. ಇನ್ನೊಮ್ಮೆ ಹೀಗಾದರೆ ಏನು ಮಾಡಬೇಕು? (ಗೃಹಿಣಿ, ದಾವಣಗೆರೆ)

ಉತ್ತರ: ಅಕ್ಕಾ, ಆ ಬಾಗಿಲು ಕೆಟ್ಟು ಹಿಡಿದುಕೊಂಡಿರಲಿಲ್ಲ. ಒಳಗೆ ನೀರಿದೆ ಅಂತ ಗೊತ್ತಿದ್ದೇ ಹಿಡಿದುಕೊಂಡಿತ್ತು. ಇದೊಂದು ವಿಷಯ ತಲೆಯಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಬಾಗಿಲಿನ ಪಕ್ಕ, ಮಷೀನಿನ ಮುಂದಿನ ತಗಡಿನ ಹಿಂದೆ, ಅಂಗೈಯಷ್ಟು ದೊಡ್ಡ ಒಂದು ಲಾಕ್ ಇರುತ್ತದೆ. ತುಂಬಾ ಮಷೀನುಗಳಲ್ಲಿ ಅದರೊಳಗೆ ಒಂದು ಚಿಕ್ಕ ಬಿಲ್ಲೆ, ಅದಕ್ಕೆ ತಾಗಿಕೊಂಡು ಎರಡು ಬೇರೆ ಬೇರೆ ಲೋಹ ಸೇರಿಸಿದ ಪಟ್ಟಿ. ಇಸ್ತ್ರಿ ಪೆಟ್ಟಿಗೆಯಲ್ಲಿ ಬಿಸಿ ನೋಡಿಕೊಳ್ಳುವುದೂ ಇಂಥದ್ದೇ ಪಟ್ಟಿ. ಮಷೀನ್ ಶುರು ಮಾಡಿದ ಕೂಡಲೇ ಬಿಲ್ಲೆ ಬಿಸಿಯಾಗುತ್ತದೆ, ಪಟ್ಟಿ ಬಾಗುತ್ತದೆ, ಒಂದು ಗೂಟವನ್ನು ತಳ್ಳಿ ಕೊಂಡಿ ಅಲುಗದ ಹಾಗೆ ಹಿಡಿಯುತ್ತದೆ. ಹಾಗೆ ಹಿಡಿದ ಮೇಲಷ್ಟೇ ಮೋಟಾರಿಗೆ, ಹೀಟರಿಗೆ ಕರೆಂಟ್ ಹೋಗುತ್ತದೆ. ಕರೆಂಟ್ ತೆಗೆದರೆ ಪಟ್ಟಿ ಆರಬೇಕು, ಆರಲು ಒಂದರಿಂದ ಮೂರು ನಿಮಿಷ ಬೇಕು. ಒಗೆದು ಮುಗಿದ ಮೇಲೂ ಬಾಗಿಲು ತಕ್ಷಣ ಬಿಡದೆ ಸ್ವಲ್ಪ ಹೊತ್ತಾದ ಮೇಲೆ ಟಕ್ ಅನ್ನುತ್ತದಲ್ಲ, ಅದು ಇದೇ. ಈಚಿನ ಕೆಲವು ಮಷೀನುಗಳಲ್ಲಿ ಪಟ್ಟಿಯ ಬದಲು ಒಂದು ಸುರುಳಿ ಇರುತ್ತದೆ. ಮಷೀನಿನ ಬೋರ್ಡು ಒಂದು ಸಲ ಕರೆಂಟ್ ಕೊಟ್ಟರೆ ಲಾಕ್, ಇನ್ನೊಂದು ಸಲ ಕೊಟ್ಟರೆ ಬಿಡುಗಡೆ. ಈ ಥರದ್ದು ಕರೆಂಟ್ ಇಲ್ಲದಾಗ ಎಷ್ಟು ಹೊತ್ತು ಕಾದರೂ ಬಿಡುವುದಿಲ್ಲ, ಕರೆಂಟ್ ಬರಲೇಬೇಕು.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಹಿಂಡುವಾಗ ಡ್ರಮ್ ನಿಮಿಷಕ್ಕೆ 1000ದಿಂದ 1400 ಸುತ್ತು ತಿರುಗುತ್ತದೆ, ಕರೆಂಟ್ ಹೋದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ, ಆ ಹೊತ್ತಲ್ಲಿ ಯಾರಾದರೂ ಬಾಗಿಲು ತೆಗೆದು ಕೈ ಹಾಕಿದರೆ ಕೈ ಉಳಿಯುವುದಿಲ್ಲ. ಅದಕ್ಕೇ ಹ್ಯಾಂಡಲ್ ಮೇಲೆ ಬಲ ಹಾಕಬೇಡಿ ಅಂತ ಮತ್ತೆ ಮತ್ತೆ ಹೇಳುವುದು.

ಈಗ ನಿಮ್ಮ ಮನೆಯಲ್ಲಾದ ಹಾಗೆ ನೀರು ತುಂಬಿ ನಿಂತಿದ್ದರೆ ಮಾಡಬೇಕಾದ್ದು ಕೇಳಿ. ಮೊದಲು ನೆಲ ನೋಡಿ. ಮಷೀನಿನ ಸುತ್ತ ನೀರು ಚೆಲ್ಲಿದ್ದರೆ ಪ್ಲಗ್ಗಿಗೆ ಕೈ ಹಾಕಬೇಡಿ, ಮೇನ್ ಬೋರ್ಡಿನಲ್ಲಿ ಆ ಕಡೆಯ ಎಂಸಿಬಿ, ಅಂದರೆ ಟ್ರಿಪ್ ಆಗುವ ಸ್ವಿಚ್, ಇಳಿಸಿ. ನೆಲ ಒಣಗಿದ್ದರೆ ಕೈ ಒರೆಸಿಕೊಂಡು, ಚಪ್ಪಲಿ ಹಾಕಿಕೊಂಡು ಸ್ವಿಚ್ ಆಫ್ ಮಾಡಿ. ಐದು ನಿಮಿಷ ಸುಮ್ನೆ ಬಿಡಿ. ಆಮೇಲೆ ಮತ್ತೆ ಆನ್ ಮಾಡಿ, ಬರೀ ನೀರು ಹೊರಹಾಕುವ ಇಲ್ಲವೇ ಬರೀ ಹಿಂಡುವ ಪ್ರೋಗ್ರಾಂ ಹಾಕಿ ಸ್ಟಾರ್ಟ್ ಒತ್ತಿ. ಕರೆಂಟ್ ಹೋಗಿ ಬಂದು ಮಷೀನ್ ಗಲಿಬಿಲಿಯಾಗಿದ್ದರೆ ಎಷ್ಟೋ ಸಲ ಇಷ್ಟಕ್ಕೇ ಸರಿಯಾಗುತ್ತದೆ. ನೀರು ಇಳಿಯುತ್ತದೆ, ಬಾಗಿಲೂ ಬಿಡುತ್ತದೆ.

ಬರೀ ಗುಂಯ್ ಅಂದು ನೀರು ಇಳಿಯದಿದ್ದರೆ, ನೀವು ಬರೆದದ್ದು ನೋಡಿದರೆ ನಿಮ್ಮಲ್ಲಿ ಆಗಿದ್ದು ಇದೇ ಇರಬೇಕು, ಪಂಪಿನ ದಾರಿಯಲ್ಲಿ ಏನೋ ಸಿಕ್ಕಿಕೊಂಡಿದೆ. ಕರೆಂಟ್ ಹೋಗಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲದೆಯೂ ಇರಬಹುದು. ಮಷೀನಿನ ಪರದೆಯಲ್ಲಿ ಆಗ ಏನಾದರೂ ಅಕ್ಷರ ಬರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಎಲ್‌ಜಿ ಮಷೀನಿನಲ್ಲಿ ಓಇ ಅಂತ ಬಂದರೆ ನೀರು ಹೊರಗೆ ಹೋಗುತ್ತಿಲ್ಲ ಅಂತ, ಡಿಇ ಅಂದರೆ ಬಾಗಿಲಿನ ತೊಂದರೆ. ಬಾಷ್‌ನಲ್ಲಿ ಇ18 ಅಂದರೂ ನೀರು ಹೋಗದಿರುವುದೇ. ಮಷೀನಿನ ಜೊತೆ ಬಂದ ಪುಸ್ತಕದಲ್ಲಿ ಕೊನೆಯ ಪುಟಗಳಲ್ಲಿ ಇದೆಲ್ಲ ಇರುತ್ತದೆ. ಆ ಪುಸ್ತಕ ಅಟ್ಟದ ಮೇಲಿದ್ದರೆ ಇಳಿಸಿ ತನ್ನಿ.

ಇನ್ನು ನೀರನ್ನು ಕೈಯಿಂದಲೇ ಇಳಿಸಬೇಕು. ಮತ್ತೆ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು, ನೀರು ಬರುವ ನಲ್ಲಿ ತಿರುಗಿಸಿ ಬಂದ್ ಮಾಡಿ. ನಲ್ಲಿ ಬಂದ್ ಮಾಡುವುದನ್ನು ತುಂಬಾ ಜನ ಮರೆಯುತ್ತಾರೆ. ಒಳಗೆ ನೀರು ಬಿಡುವ ವಾಲ್ವ್ ಕೆಟ್ಟು ತೆರೆದೇ ಇದ್ದರೆ ನೀವು ಕೆಳಗಿನಿಂದ ತೆಗೆದಷ್ಟೂ ಮೇಲಿನಿಂದ ಬರುತ್ತಲೇ ಇರುತ್ತದೆ. ಬಿಸಿ ನೀರಿನ ಪ್ರೋಗ್ರಾಂ ಹಾಕಿದ್ದರಾ? ಹಾಗಿದ್ದರೆ ಗಾಜು ಮುಟ್ಟಿ ನೋಡಿ. ಬಿಸಿ ಇದ್ದರೆ ಒಂದೆರಡು ಗಂಟೆ ಬಿಟ್ಟುಬಿಡಿ. 60 ಡಿಗ್ರಿ ನೀರು ಕೈ ಮೇಲೆ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಟ್ಟುಹೋಗುತ್ತದೆ. ಮಕ್ಕಳ ಯೂನಿಫಾರಂ ಒಂದು ದಿನ ತಡವಾದರೆ ಏನೂ ಆಗುವುದಿಲ್ಲ, ಶಾಲೆಗೆ ಒಂದು ಚೀಟಿ ಬರೆದು ಕಳಿಸಿ.

ಮಷೀನಿನ ಕೆಳಗೆ, ಜಾಸ್ತಿ ಮಷೀನುಗಳಲ್ಲಿ ಬಲಮೂಲೆಯಲ್ಲಿ, ಒಂದು ಚಿಕ್ಕ ಮುಚ್ಚಳ ಇದೆ. ಉಗುರಲ್ಲೋ ಒಂದು ರೂಪಾಯಿ ನಾಣ್ಯದಲ್ಲೋ ಎಬ್ಬಿಸಿದರೆ ಬರುತ್ತದೆ. ಒಳಗೆ ತಿರುಗಿಸುವ ಬಿರಡೆಯ ಥರ ಕಾಣುವುದು ಫಿಲ್ಟರ್. ಅದರ ಪಕ್ಕದಲ್ಲಿ ಬೆರಳಿಗಿಂತ ಸಣ್ಣ ರಬ್ಬರ್ ಪೈಪ್ ಮಡಚಿ ಇಟ್ಟಿರುತ್ತಾರೆ. ಅದನ್ನು ಹೊರಗೆಳೆದು, ತುದಿಯ ಬೂಚು ತೆಗೆದು, ಅಗಲವಾದ ತಗ್ಗು ಪಾತ್ರೆಗೆ ಬಿಡಿ. ಬಕೆಟ್ ಆಗುವುದಿಲ್ಲ, ಅದರ ಅಂಚು ಎತ್ತರ. ಇಡ್ಲಿ ಹಿಟ್ಟು ಕಲಸುವ ಅಗಲ ಬೇಸಿನ್, ಕೇಕ್ ಟ್ರೇ, ಹಳೇ ತಟ್ಟೆ ಇಂಥದ್ದು ಬೇಕು. ತುಂಬಿದ ಹಾಗೆ ಬೂಚು ಹಾಕಿ, ಬಚ್ಚಲಿಗೆ ಚೆಲ್ಲಿ, ಮತ್ತೆ ಹಿಡಿಯಿರಿ. ಗಾಜಿನ ಅರ್ಧ ನೀರಿದ್ದರೆ ಹದಿನೈದು ಲೀಟರಿಗೂ ಮೇಲೆ ಬರಬಹುದು, ಬೇಸರ ಮಾಡಿಕೊಳ್ಳಬೇಡಿ. ಪೈಪ್ ಇಲ್ಲದ ಮಷೀನ್ ಆದರೆ ಫಿಲ್ಟರನ್ನೇ ಕಾಲು ಸುತ್ತು ಸಡಿಲಿಸಿ, ನೀರು ಜಿನುಗಲು ಬಿಡಿ, ತಟ್ಟೆ ತುಂಬಿದಾಗ ಬಿಗಿ ಮಾಡಿ. ಒಮ್ಮೆಲೇ ಪೂರ್ತಿ ಬಿಚ್ಚಿದರೆ ವಾಪಸ್ ಹಾಕಲು ಆಗದಷ್ಟು ಜೋರಾಗಿ ಬರುತ್ತದೆ, ಹಾಗೆ ಮಾಡಬೇಡಿ. ಮುಂದೆ ಹಳೇ ಟವೆಲ್ಲು, ಗೋಣಿಚೀಲ ಹಾಸಿಕೊಳ್ಳಿ.

ನೀರು ನಿಂತ ಮೇಲೆ ಫಿಲ್ಟರ್ ಪೂರ್ತಿ ಬಿಚ್ಚಿ. ನಮ್ಮ ಕಡೆ ಮಕ್ಕಳಿರುವ ಮನೆಗಳಲ್ಲಿ ಅದರೊಳಗೆ ಸಿಗುವುದು ಹೇರ್‌ಪಿನ್, ಸೇಫ್ಟಿ ಪಿನ್, ಗುಂಡಿ, ನಾಣ್ಯ, ಚಡ್ಡಿ ಜೇಬಲ್ಲಿ ಉಳಿದ ಮಂಡಕ್ಕಿ, ಶೇಂಗಾ ಸಿಪ್ಪೆ. ಮಂಡಕ್ಕಿ ನೆನೆದು ಅಂಟಾಗಿ ಕೂದಲ ಜೊತೆ ಸೇರಿಕೊಂಡರೆ ಪಂಪಿನ ರೆಕ್ಕೆ ತಿರುಗುವುದೇ ಇಲ್ಲ, ಅದಕ್ಕೇ ಗುಂಯ್ ಅನ್ನುವುದು. ಟಾರ್ಚ್ ಬಿಟ್ಟು ನೋಡಿ, ರೆಕ್ಕೆಯನ್ನು ಒಂದು ಕಡ್ಡಿಯಿಂದ ಮೆಲ್ಲಗೆ ತಿರುಗಿಸಿ ನೋಡಿ. ಫಿಲ್ಟರ್ ತೊಳೆದು, ರಬ್ಬರ್ ಬಳೆ ಸರಿಯಾಗಿ ಕೂತಿದೆಯಾ ನೋಡಿ, ಬಿಗಿಯಾಗಿ ತಿರುಗಿಸಿ ಹಾಕಿ. ಸಡಿಲ ಬಿಟ್ಟರೆ ಮುಂದಿನ ಸಲ ನೀರು ನೆಲಕ್ಕೆ.

ಇಷ್ಟೆಲ್ಲ ಆದ ಮೇಲೆ, ನೆಲ ಒರೆಸಿ ಒಣಗಿಸಿ, ಪ್ಲಗ್ ಹಾಕಿ ಆನ್ ಮಾಡಿ. ಬಾಗಿಲು ಟಕ್ ಅಂದು ಬಿಟ್ಟರೆ ಮುಗಿಯಿತು. ಬಿಡಲಿಲ್ಲವಾ? ಕೆಲವು ಮಾಡೆಲ್‌ಗಳಲ್ಲಿ ಅದೇ ಕೆಳಗಿನ ಮುಚ್ಚಳದ ಒಳಗೆ ಕೇಸರಿಯೋ ಕೆಂಪೋ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಇಲ್ಲವೇ ದಾರ ಇರುತ್ತದೆ. ಪ್ಲಗ್ ಮತ್ತೆ ಕಿತ್ತು, ಡ್ರಮ್ ತಿರುಗುತ್ತಿಲ್ಲ ಅಂತ ನೋಡಿಕೊಂಡು, ಆ ಪಟ್ಟಿಯನ್ನು ಕೆಳಗೆ ಎಳೆದರೆ ಲಾಕ್ ಬಿಡುತ್ತದೆ. ಇದು ಎಲ್ಲ ಮಷೀನಲ್ಲೂ ಇಲ್ಲ, ಪುಸ್ತಕ ನೋಡಿ. ಆದರೆ ನೀರು ಇಳಿಸುವ ಮೊದಲು ಇದನ್ನು ಎಳೆಯಲೇಬೇಡಿ. ಎಳೆದರೆ ನಿಮ್ಮ ಅಡಿಗೆಮನೆಗೆ ಮತ್ತೆ ಅದೇ ಗತಿ.

ಮುರಿದ ಕೊಂಡಿಯ ಬಗ್ಗೆ ಒಂದು ಮಾತು. ಪೂರ್ತಿ ಬಾಗಿಲು ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ತಕ್ಷಣ ಒಪ್ಪಬೇಡಿ. ತುಂಬಾ ಮಾಡೆಲ್‌ಗಳಿಗೆ ಹ್ಯಾಂಡಲ್, ಕೊಂಡಿ, ಸ್ಪ್ರಿಂಗ್ ಬೇರೆಯಾಗಿ ಸಿಗುತ್ತವೆ. ಮಾಡೆಲ್ ನಂಬರ್ ಹೇಳಿ ವಿಚಾರಿಸಿ. ಈ ನಂಬರಿನ ಚೀಟಿ ತುಂಬಾ ಮಷೀನುಗಳಲ್ಲಿ ಅಂಟಿಸಿರುವುದು ಬಾಗಿಲಿನ ಒಳಗಿನ ಅಂಚಿನಲ್ಲಿ, ಬಾಗಿಲು ಸಿಕ್ಕಿಕೊಂಡಾಗ ಅದನ್ನು ಓದುವುದಕ್ಕೇ ಆಗುವುದಿಲ್ಲ! ಈ ಪುಟ ಓದುತ್ತಿರುವ ಎಲ್ಲರೂ ಈಗಲೇ ಎದ್ದು ಹೋಗಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಒಗೆದು ಮುಗಿದಿದೆ, ನೀರೂ ಇಲ್ಲ, ಪರದೆಯಲ್ಲಿ ಮುಗಿಯಿತು ಅಂತ ಬರುತ್ತದೆ. ಆದರೂ ಬಾಗಿಲು ಬರುವುದಿಲ್ಲ. ಹ್ಯಾಂಡಲ್ ಎಳೆದರೆ ಸಡಿಲವಾಗಿ ಆಡುತ್ತದೆ, ಏನೂ ಹಿಡಿದ ಹಾಗೆ ಅನಿಸುವುದಿಲ್ಲ. ಊರಲ್ಲಿ ಒಬ್ಬರು ಗಾಜು ಒಡೆದು ತೆಗೆಯಿರಿ, ಹೊಸ ಗಾಜು ಹಾಕಿಸಬಹುದು ಅಂದರು. (ತುರುವನೂರು ರಸ್ತೆ, ಚಿತ್ರದುರ್ಗ)

ಉತ್ತರ: ಗಾಜು ಒಡೆಯುವ ಮಾತೇ ಬೇಡ ಸರ್. ಅದು ದಪ್ಪ ಗಾಜು, ಸುತ್ತಿಗೆ ಪುಟಿದು ಮುಖಕ್ಕೆ ಬರಬಹುದು. ಒಡೆದರೂ ಚೂರೆಲ್ಲ ಬಟ್ಟೆಯೊಳಗೆ, ರಬ್ಬರಿನ ಮಡಿಕೆಯೊಳಗೆ ಸೇರಿಕೊಳ್ಳುತ್ತದೆ, ಪೂರ್ತಿ ತೆಗೆಯುವುದು ಯಾರಿಂದಲೂ ಆಗುವುದಿಲ್ಲ. ಆಮೇಲೆ ಅದೇ ಬಟ್ಟೆ ಮಕ್ಕಳಿಗೆ ಹಾಕಬೇಕಲ್ವಾ?

ಹ್ಯಾಂಡಲ್ ಸಡಿಲವಾಗಿ ಆಡುತ್ತಿದೆ ಅಂದರೆ ಲಾಕ್ ಬಿಟ್ಟಿದ್ದರೂ ಇರಬಹುದು. ಹ್ಯಾಂಡಲಿನಿಂದ ಕೊಂಡಿಗೆ ಹೋಗುವ ಪ್ಲಾಸ್ಟಿಕ್ ತುಂಡು ಮುರಿದಿದೆ ಅಥವಾ ಸ್ಪ್ರಿಂಗ್ ಕಳಚಿದೆ, ಹಾಗಾಗಿ ನೀವು ಎಳೆದದ್ದು ಕೊಂಡಿಗೆ ತಲುಪುತ್ತಿಲ್ಲ. ಇದಕ್ಕೆ ದಾರದ ಉಪಾಯ ಇದೆ. ಪ್ಲಗ್ ಕಿತ್ತು ಐದು ನಿಮಿಷ ಬಿಡಿ. ಸಣ್ಣಗೆ ಗಟ್ಟಿಯಾಗಿರುವ ನೈಲಾನ್ ದಾರ, ಮೀನಿನ ಗಾಳಕ್ಕೆ ಕಟ್ಟುವಂಥದ್ದು, ಒಂದೂವರೆ ಮಾರು ತೆಗೆದುಕೊಳ್ಳಿ. ಬಾಗಿಲಿನ ಅಂಚಿಗೂ ಮಷೀನಿನ ತಗಡಿಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದಲ್ಲ, ಹ್ಯಾಂಡಲ್ ಇರುವ ಕಡೆಯಿಂದ ಆ ಸಂದಿಗೆ ದಾರವನ್ನು ಮೇಲಿನಿಂದ ಕೆಳಗೆ ತೂರಿಸುತ್ತಾ ಬನ್ನಿ. ದಾರ ಒಳಗೆ ಹೋಗಿ ಕೊಂಡಿಯ ಹಿಂದೆ ಕೂರಬೇಕು. ಒಂದು ತುದಿ ಮೇಲೆ, ಇನ್ನೊಂದು ಕೆಳಗೆ ಉಳಿಯುತ್ತದೆ. ಎರಡನ್ನೂ ಸೇರಿಸಿ ಬಾಗಿಲಿನ ಕೀಲು ಇರುವ ಕಡೆಗೆ ಒಂದೇ ಸಮ ಎಳೆಯಿರಿ. ದಾರ ಕೊಂಡಿಯನ್ನು ಒತ್ತಿ ಸರಿಸುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ಕೈಗೆ ಬಟ್ಟೆ ಸುತ್ತಿಕೊಳ್ಳಿ, ನೈಲಾನ್ ದಾರ ಬೆರಳು ಕೊಯ್ಯುತ್ತದೆ. ಇನ್ನೊಬ್ಬರು ಬಾಗಿಲನ್ನು ಮೊಣಕಾಲಿನಿಂದ ಸ್ವಲ್ಪ ಒಳಗೆ ಒತ್ತಿ ಹಿಡಿದರೆ ಕೊಂಡಿಯ ಮೇಲಿನ ಬಿಗಿ ಕಮ್ಮಿಯಾಗಿ ಸಲೀಸಾಗುತ್ತದೆ.

ಎರಡು ಮೂರು ಸಲ ನೋಡಿ ಬರದಿದ್ದರೆ ಬಿಟ್ಟುಬಿಡಿ, ಲಾಕೇ ಬಿಟ್ಟಿಲ್ಲ ಅಂತ ಅರ್ಥ. ಲಾಕ್ ಹಿಡಿದುಕೊಂಡಿರುವಾಗ ದಾರ ಎಳೆದರೆ ದಾರ ಕಡಿಯುತ್ತದೆ ಇಲ್ಲವೇ ಕೊಂಡಿ ಮುರಿಯುತ್ತದೆ.

ನೀರಿಲ್ಲದಿದ್ದರೂ ಲಾಕ್ ಬಿಡದಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಮಷೀನಿಗೆ ಒಳಗಿನ ನೀರು ಗೊತ್ತಾಗುವುದು ಒಂದು ಸಣ್ಣ ಕೊಳವೆಯಿಂದ. ಡ್ರಮ್ಮಿನ ಹೊರಗಿನ ತೊಟ್ಟಿಯ ತಳದಿಂದ ಮೇಲೆ ಹೋಗುವ ಆ ಕೊಳವೆಯಲ್ಲಿ ಗಾಳಿ ಇರುತ್ತದೆ, ನೀರು ಏರಿದಂತೆ ಆ ಗಾಳಿ ಒತ್ತುತ್ತದೆ, ತುದಿಯ ಸೆನ್ಸರ್ ಅದನ್ನು ಅಳೆಯುತ್ತದೆ. ಸೋಪಿನ ಗಸಿ ಕೊಳವೆಯ ಬಾಯಿಗೆ ಕಟ್ಟಿಕೊಂಡರೆ ಒತ್ತಿದ ಗಾಳಿ ಒಳಗೇ ಉಳಿಯುತ್ತದೆ. ತೊಟ್ಟಿ ಖಾಲಿ, ಮಷೀನಿನ ಲೆಕ್ಕದಲ್ಲಿ ಮಾತ್ರ ತುಂಬಿದೆ. ಬಾಗಿಲು ಹೇಗೆ ಬಿಟ್ಟೀತು? ಇದನ್ನು ಬಿಡಿಸುವುದು ಮೆಕ್ಯಾನಿಕ್ ಕೆಲಸ.

ಮೆಕ್ಯಾನಿಕ್ ಬಂದರೆ ಏನು ಮಾಡುತ್ತಾರೆ ಅಂತ ಗೊತ್ತಿರಲಿ, ಪಕ್ಕದಲ್ಲೇ ನಿಂತು ನೋಡಿ. ಪ್ಲಗ್ ಕಿತ್ತು, ಹಿಂದಿನ ಸ್ಕ್ರೂ ಬಿಚ್ಚಿ ಮೇಲಿನ ಹಲಗೆಯನ್ನು ಹಿಂದಕ್ಕೆ ಸರಿಸಿ ಎತ್ತುತ್ತಾರೆ, ಮೇಲಿನಿಂದ ಮುಂದಿನ ತಗಡಿನ ಹಿಂದೆ ಕೈ ಇಳಿಸಿ ಲಾಕಿನ ಗೂಟ ಸರಿಸುತ್ತಾರೆ. ಇದನ್ನು ನೀವೇ ಮಾಡಬಹುದಾ ಅಂತ ಇನ್ನೂ ಕೆಲವರು ಬರೆದಿದ್ದಾರೆ. ನನ್ನ ಅಭಿಪ್ರಾಯ, ಬೇಡ. ಒಳಗಿನ ತಗಡಿನ ಅಂಚು ಬ್ಲೇಡಿನ ಹಾಗೆ ಹರಿತ. ಅಲುಗಾಡದಿರಲಿ ಅಂತ ಕಾಂಕ್ರೀಟ್ ದಿಮ್ಮಿ ಹಾಕಿರುತ್ತಾರೆ, ಮಷೀನ್ 60-70 ಕಿಲೋ ತೂಗುತ್ತದೆ, ಒಬ್ಬರೇ ಹಿಂದಕ್ಕೆ ವಾಲಿಸಲು ಹೋಗಿ ಕಾಲ ಮೇಲೆ ಬಿದ್ದರೆ ಮೂಳೆ ಮುರಿಯುತ್ತದೆ. ವಾರಂಟಿ ಇದ್ದರೆ ನೀವು ಸ್ಕ್ರೂ ಬಿಚ್ಚಿದ ಕಾರಣಕ್ಕೇ ಅದು ಹೋಗಬಹುದು. ಲಾಕ್ ಕೆಟ್ಟಿದ್ದರೆ ಅದನ್ನು ಪೂರ್ತಿ ಬದಲಿಸಬೇಕು, ರಿಪೇರಿ ಮಾಡಿಸಿ ಹಾಕಿಸಿಕೊಳ್ಳಬೇಡಿ. ಲಾಕಿನ ತಂತಿಗಳನ್ನು ಒಂದಕ್ಕೊಂದು ಸೇರಿಸಿ ಬಾಗಿಲು ತೆರೆದಿದ್ದರೂ ಮಷೀನ್ ಓಡುವ ಹಾಗೆ ಮಾಡಿಕೊಡುತ್ತೇನೆ ಅನ್ನುವವರೂ ಇದ್ದಾರೆ. ಅಂಥವರನ್ನು ಬಾಗಿಲಿನಿಂದಲೇ ಕಳಿಸಿಬಿಡಿ.

ಪ್ರಶ್ನೆ: ಅಪ್ಪನವರ ಪಂಚೆ, ಹಾಸಿಗೆ ಹೊದಿಕೆಗಳನ್ನು ಬಿಸಿ ನೀರಲ್ಲಿ ಹಾಕುತ್ತೇವೆ. ಅರ್ಧದಲ್ಲಿ ನಿಲ್ಲಿಸಿದರೆ ಬಾಗಿಲು ಬಹಳ ಹೊತ್ತು ಬಿಡುವುದಿಲ್ಲ. ಮಷೀನ್ ಹಾಳಾಗಿದೆಯಾ? (ಹರಿಹರ)

ಉತ್ತರ: ಏನೂ ಹಾಳಾಗಿಲ್ಲ. ಒಳಗಿನ ನೀರು ಸುಡುವಷ್ಟು ಬಿಸಿ ಇರುವ ತನಕ ಮಷೀನ್ ಬಾಗಿಲು ಬಿಡುವುದಿಲ್ಲ, ಬಿಡಲೂಬಾರದು. ಬೇಗ ಬೇಕಿದ್ದರೆ ನೀರು ಹೊರಹಾಕುವ ಪ್ರೋಗ್ರಾಂ ಹಾಕಿ, ಆಮೇಲೆ ತಣ್ಣೀರಲ್ಲಿ ಒಂದು ಸಲ ಜಾಲಿಸಿ. ಅದಕ್ಕಿಂತ, ಬಟ್ಟೆ ಹಾಕುವಾಗಲೇ ಏನೂ ಬಿಟ್ಟಿಲ್ಲ ಅಂತ ನೋಡಿಕೊಂಡರೆ ಅರ್ಧದಲ್ಲಿ ನಿಲ್ಲಿಸುವ ಪ್ರಸಂಗವೇ ಬರುವುದಿಲ್ಲ.

ಪ್ರಶ್ನೆ: ನಮ್ಮದು ನಿಜಲಿಂಗಪ್ಪ ಬಡಾವಣೆ. ಕೆಲವು ದಿನ ಮಷೀನ್ ಚೆನ್ನಾಗೇ ಇರುತ್ತದೆ, ಕೆಲವು ದಿನ ಗಾಜಿನ ತುಂಬಾ ನೊರೆ, ಗಂಟೆಗಟ್ಟಲೆ ಮುಗಿಯುವುದಿಲ್ಲ, ಬಾಗಿಲೂ ಬಿಡುವುದಿಲ್ಲ. ಅದೇ ಪೌಡರ್, ಅದೇ ಅಳತೆ. ಯಾಕೆ ಹೀಗೆ? (ದಾವಣಗೆರೆ)

ಉತ್ತರ: ಪೌಡರ್ ಅದೇ, ಅಳತೆಯೂ ಅದೇ. ನೀರು ಅದೇನಾ ಅಂತ ನೋಡಿ ಅಮ್ಮಾ. ದಾವಣಗೆರೆಯ ನಲ್ಲಿಗೆ ಬರುವುದು ತುಂಗಭದ್ರೆಯ ನೀರು, ಭದ್ರಾ ಕಾಲುವೆಯಿಂದ ಕುಂದುವಾಡ ಕೆರೆ, ಟಿವಿ ಸ್ಟೇಷನ್ ಕೆರೆಗೆ ತುಂಬಿಸಿದ ನೀರು. ಅದು ಮೆದು ನೀರು. ನಲ್ಲಿ ನೀರು ಬರದ ದಿನ ನೀವು ಟ್ಯಾಂಕಿಗೆ ಬೋರ್‌ವೆಲ್ ನೀರು ಬಿಡುತ್ತೀರಿ ಅಂತ ಕಾಣುತ್ತದೆ, ಅದು ಗಡಸು. ಗಡಸು ನೀರಿನಲ್ಲಿ ನೊರೆ ಏಳುವುದಿಲ್ಲ ಅಂತ ನೀವು ಅಳತೆ ಜಾಸ್ತಿ ಮಾಡಿಕೊಂಡಿದ್ದೀರಿ. ಅದೇ ಅಳತೆಯನ್ನು ಹೊಳೆ ನೀರಿಗೆ ಹಾಕಿದ ದಿನ ನೊರೆ ಉಕ್ಕುತ್ತದೆ. ಪಂಪು ನೀರನ್ನು ತಳ್ಳುತ್ತದೆ, ನೊರೆಯನ್ನು ತಳ್ಳಲು ಅದಕ್ಕೆ ಆಗುವುದಿಲ್ಲ. ಮಷೀನ್ ಕಾಯುತ್ತದೆ, ಮತ್ತೆ ಜಾಲಿಸುತ್ತದೆ, ಬಾಗಿಲು ಮುಚ್ಚಿಕೊಂಡೇ ಇರುತ್ತದೆ. ಚಿತ್ರದುರ್ಗದವರಿಗೂ ಈ ಮಾತು ಸಲ್ಲುತ್ತದೆ. ಅಲ್ಲೂ ಸೂಳೆಕೆರೆ, ವಾಣಿ ವಿಲಾಸ ಸಾಗರದ ನೀರು ಒಂದು ದಿನ, ಬೋರ್ ನೀರು ಇನ್ನೊಂದು ದಿನ ಅನ್ನುವ ಮನೆಗಳು ಬೇಕಾದಷ್ಟಿವೆ.

ನೊರೆ ತುಂಬಿ ನಿಂತಿದ್ದರೆ ಆಫ್ ಮಾಡಿ ಅರ್ಧ ಗಂಟೆಯೋ ಒಂದು ಗಂಟೆಯೋ ಬಿಡಿ. ನೊರೆ ತಾನೇ ಇಳಿಯುತ್ತದೆ. ಆಮೇಲೆ ಪೌಡರ್ ಇಲ್ಲದೆ ಬರೀ ಜಾಲಿಸುವ ಪ್ರೋಗ್ರಾಂ ಹಾಕಿ, ಕೊನೆಗೆ ಹಿಂಡಿಸಿ. ಫ್ರಂಟ್ ಲೋಡ್ ಅಂತ ಬರೆದಿರುವ ಪೌಡರ್ ಅಥವಾ ಲಿಕ್ವಿಡ್ ಮಾತ್ರ ಬಳಸಿ, ಕೈಯಲ್ಲಿ ಒಗೆಯುವ ಪೌಡರ್ ಹಾಕಬೇಡಿ. ಅದನ್ನು ಮಾಡಿರುವುದೇ ನೊರೆ ಜಾಸ್ತಿ ಬರಲಿ ಅಂತ. ಹೊಳೆ ನೀರಿನ ದಿನಕ್ಕೆ ಒಂದು ಅಳತೆ, ಬೋರ್ ನೀರಿನ ದಿನಕ್ಕೆ ಒಂದು ಅಳತೆ ಅಂತ ಡಬ್ಬಿಯ ಮೇಲೆ ಗೆರೆ ಹಾಕಿಟ್ಟುಕೊಳ್ಳಿ. ಬಟ್ಟೆಗೂ ಒಳ್ಳೆಯದು, ದುಡ್ಡೂ ಉಳಿಯುತ್ತದೆ.

ಪ್ರಶ್ನೆ: ಮಗನ ಮನೆಗೆ ಹೋಗಿ ಮೂರು ತಿಂಗಳು ಬಿಟ್ಟು ಬಂದೆವು. ಮಷೀನ್ ಬಾಗಿಲು ಅಂಟಿಕೊಂಡಿದೆ. ಕರೆಂಟೇ ಹಾಕಿಲ್ಲ, ಲಾಕ್ ಹೇಗಾಯಿತು? (ಹೊಸದುರ್ಗ)

ಉತ್ತರ: ಲಾಕ್ ಆಗಿಲ್ಲ. ಸುತ್ತಲಿನ ರಬ್ಬರ್ ಒದ್ದೆ ಇರುವಾಗಲೇ ಬಾಗಿಲು ಮುಚ್ಚಿ ಹೋಗಿದ್ದೀರಿ, ಸೋಪಿನ ಅಂಟು, ಗಡಸು ನೀರಿನ ಸುಣ್ಣ ಒಣಗಿ ಗಾಜಿಗೆ ರಬ್ಬರ್ ಹಿಡಿದಿದೆ. ಬಾಗಿಲನ್ನು ಮೊದಲು ಒಳಗೆ ಒತ್ತಿ, ಆಮೇಲೆ ಹ್ಯಾಂಡಲ್ ಹಿಡಿದು ಮೆಲ್ಲಗೆ ಎಳೆಯಿರಿ, ಹೀಗೆ ನಾಲ್ಕಾರು ಸಲ ಮಾಡಿ. ಬರದಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಂಚಿನ ಸುತ್ತ ಕಾಲು ಗಂಟೆ ಇಟ್ಟು ನೋಡಿ. ಚಾಕು, ಸ್ಕ್ರೂ ಡ್ರೈವರ್ ಹಾಕಿದರೆ ರಬ್ಬರ್ ಹರಿಯುತ್ತದೆ, ಹರಿದ ರಬ್ಬರ್ ಬದಲಿಸುವುದು ದುಬಾರಿ ಕೆಲಸ. ಸೀಮೆಎಣ್ಣೆ, ಗ್ರೀಸ್ ಕೂಡ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಮುಂದೆ ಊರಿಗೆ ಹೋಗುವಾಗ ರಬ್ಬರಿನ ಮಡಿಕೆ ಒಳಗೆಲ್ಲ ಒಣಬಟ್ಟೆಯಲ್ಲಿ ಒರೆಸಿ, ಬಾಗಿಲು ಎರಡು ಬೆರಳಷ್ಟು ತೆರೆದಿಟ್ಟು ಹೋಗಿ. ನಲ್ಲಿ ಬಂದ್ ಮಾಡಿ.

ಪ್ರಶ್ನೆ: ಮನೆಯಲ್ಲಿ ಮೂರು ವರ್ಷದ ಮೊಮ್ಮಗ ಇದ್ದಾನೆ. ಬಾಗಿಲು ತೆರೆದಿಡಿ ಅಂತ ಎಲ್ಲರೂ ಹೇಳುತ್ತಾರೆ, ಅವನು ಅದರೊಳಗೆ ತಲೆ ಹಾಕುತ್ತಾನೆ. ಚೈಲ್ಡ್ ಲಾಕ್ ಹಾಕಿದರೆ ಸಾಕಾ? (ಅಜ್ಜಿ, ಚಿತ್ರದುರ್ಗ)

ಉತ್ತರ: ಅಮ್ಮಾ, ಸಾಕಾಗುವುದಿಲ್ಲ. ತುಂಬಾ ಮಷೀನುಗಳಲ್ಲಿ ಚೈಲ್ಡ್ ಲಾಕ್ ಅಂದರೆ ಬರೀ ಬಟನ್‌ಗಳಿಗೆ ಬೀಗ. ಮಷೀನ್ ನಿಂತಿರುವಾಗ ಮಗು ಹ್ಯಾಂಡಲ್ ಎಳೆದರೆ ಬಾಗಿಲು ಬರುತ್ತದೆ, ಒಳಗೆ ಹೋಗಿ ಬಾಗಿಲು ಎಳೆದುಕೊಂಡರೆ ಮುಚ್ಚಿಕೊಳ್ಳುತ್ತದೆ. ಒಳಗಿನಿಂದ ತೆರೆಯಲು ಮಗುವಿಗೆ ಆಗುವುದಿಲ್ಲ, ಗಾಳಿಯೂ ಸಾಲುವುದಿಲ್ಲ. ಹಾಗಾಗಿ ನಿಮ್ಮ ಮನೆಗೆ ನನ್ನ ಸಲಹೆ ಬೇರೆ. ಒಗೆದ ಮೇಲೆ ರಬ್ಬರ್ ಒರೆಸಿ, ನೀವು ಅಲ್ಲೇ ಇರುವಷ್ಟು ಹೊತ್ತು ಮಾತ್ರ ತೆರೆದಿಟ್ಟು ಒಣಗಿಸಿ, ಆಮೇಲೆ ಮುಚ್ಚಿಬಿಡಿ. ಮಷೀನ್ ಇರುವ ಬಚ್ಚಲಿಗೋ ಹಿತ್ತಿಲ ಕೋಣೆಗೋ ಮೇಲೆ ಚಿಲಕ ಹಾಕಿಸಿ, ಅವನ ಕೈಗೆ ಎಟುಕದಷ್ಟು ಎತ್ತರದಲ್ಲಿ. ರಬ್ಬರಿಗೆ ಸ್ವಲ್ಪ ವಾಸನೆ ಬಂದರೂ ಪರವಾಗಿಲ್ಲ, ತಿಂಗಳಿಗೊಮ್ಮೆ ಖಾಲಿ ಮಷೀನಿಗೆ ಬಿಸಿ ನೀರಿನ ಪ್ರೋಗ್ರಾಂ ಹಾಕಿದರೆ ಹೋಗುತ್ತದೆ. ಪ್ರತಿ ಸಲ ಬಟ್ಟೆ ಹಾಕುವ ಮೊದಲು ಡ್ರಮ್ಮಿನೊಳಗೆ ಒಮ್ಮೆ ನೋಡಿ, ಬಟ್ಟೆ ತುಂಬಿಟ್ಟು ಫೋನಿಗೆ ಹೋಗಿ ಬಂದು ಸ್ಟಾರ್ಟ್ ಒತ್ತುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಎಂದಾದರೂ ಮಗು ಒಳಗೆ ಸಿಕ್ಕಿಕೊಂಡರೆ, ಮೊದಲು ಹ್ಯಾಂಡಲ್ ಎಳೆಯಿರಿ. ಮಷೀನ್ ಶುರುವಾಗಿಲ್ಲದಿದ್ದರೆ ಲಾಕ್ ಬಿದ್ದಿರುವುದಿಲ್ಲ, ಹೊರಗಿನಿಂದ ಬಾಗಿಲು ಬರುತ್ತದೆ. ಬರದಿದ್ದರೆ ಕರೆಂಟ್ ತೆಗೆಯಿರಿ, ಒಬ್ಬರು 112ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಹಾರೆಯೋ ದಪ್ಪ ಸ್ಕ್ರೂ ಡ್ರೈವರೋ ಹಾಕಿ ಕೊಂಡಿ ಇರುವ ಕಡೆ ಮೀಟಿ ತೆಗೆಯಲಿ. ಈ ಪುಟದಲ್ಲಿ ಮೀಟಬೇಡಿ ಅಂತ ಹೇಳಿದ್ದೆಲ್ಲ ಬಟ್ಟೆ ಸಿಕ್ಕಿಕೊಂಡಾಗಿನ ಮಾತು. ಮಗು ಒಳಗಿದ್ದರೆ ಮಷೀನ್ ಹೋದರೆ ಹೋಗಲಿ.

ಪ್ರಶ್ನೆ: ಕರೆಂಟ್ ಹೋದಾಗ ಬಾಗಿಲು ಬಿಡಲಿ ಅಂತ ಮಷೀನನ್ನು ಮನೆಯ ಯುಪಿಎಸ್‌ಗೆ ಕೊಡಬಹುದಾ? (ಜಗಳೂರು)

ಉತ್ತರ: ಕೊಡಬೇಡಿ. ನೀರು ಕಾಯಿಸುವಾಗ ಹೀಟರ್ ಒಂದೇ 2000 ವ್ಯಾಟಿನ ಆಸುಪಾಸು ಎಳೆಯುತ್ತದೆ, ದೀಪ ಫ್ಯಾನಿಗೆ ಅಂತ ಹಾಕಿಸಿದ ಯುಪಿಎಸ್ ಅದನ್ನು ತಡೆಯುವುದಿಲ್ಲ. ಮಷೀನಿಗೆ ಬೇರೆಯೇ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಇರಲಿ, ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಹಾಕಬೇಡಿ. ಕರೆಂಟ್ ಹೋದಾಗ ಸ್ವಿಚ್ ಆಫ್ ಮಾಡಿಟ್ಟು, ಬಂದು ಐದು ನಿಮಿಷ ಆದ ಮೇಲೆ ಆನ್ ಮಾಡಿ. ಬಹಳ ಮಷೀನುಗಳು ನಿಂತಲ್ಲಿಂದಲೇ ಮುಂದುವರಿಯುತ್ತವೆ. ನಿಮ್ಮದು ಮುಂದುವರಿಯದಿದ್ದರೆ ಬರೀ ಹಿಂಡುವ ಪ್ರೋಗ್ರಾಂ ಹಾಕಿ ಬಟ್ಟೆ ತೆಗೆದುಕೊಳ್ಳಿ.